ನಡುವಿನ ಪದರ

ಚಮಚದ ಬೆನ್ನ ಮೇಲಿಂದ ಹನಿಹನಿಯಾಗಿ ಇಳಿಸಿದ ಕಿತ್ತಳೆ ಬ್ರಾಂದಿ ತಗುಲಿದ್ದೇ ತಡ, ಲೋಟದೊಳಗಿನ ಬಿಳಿ ಕೆನೆ ಒಡೆದು ಚೂರುಚೂರಾಗಿ ಕೆಳಗಿನ ರಮ್ಮು ಬೆರೆಸಿದ ಕಾಫಿ ಪಾಕಕ್ಕೆ ಇಳಿಯಿತು. ಬೆಳಗಿನಿಂದ ಇದು ಎರಡನೆಯ ಸಲ. ಆವುಲಪ್ಪ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಕೆಳಗೆ ಕಪ್ಪು, ನಡುವೆ ಬಿಳುಪು, ಮೇಲೆ ಹೊಂಬಣ್ಣ ಎಂದು ಮೂರು ಪದರವಾಗಿ ನಿಲ್ಲಬೇಕಾಗಿದ್ದುದು ಚರಂಡಿ ನೀರಿನ ಹಾಗೆ ಕದಡಿಕೊಂಡಿತ್ತು. ಗಡಿಯಾರದಲ್ಲಿ ಹನ್ನೊಂದೂ ಕಾಲು. ಆಫೀಸಿನ ಗೆಳೆಯ ರಾಮಾಂಜಿನಪ್ಪ ಬರುವುದು ನಾಲ್ಕಕ್ಕೆ. ಭಾನುವಾರವಾದರೂ ಶಿಡ್ಲಘಟ್ಟದ ನೂಲು ತೆಗೆಯುವ ಮನೆಗಳಿಗೆ ರಜೆಯಿಲ್ಲ. ಬೆಂದ ರೇಷ್ಮೆಹುಳುವಿನ ವಾಸನೆ ಕಿಟಕಿಯಿಂದ ಒಳಗೆ ಬಂದು, ರಮ್ಮು, ಡಿಕಾಕ್ಷನ್ನು, ಕಿತ್ತಳೆ ಸಿಪ್ಪೆಗಳ ವಾಸನೆಯೊಡನೆ ಕಲೆತು ಅವನಿಗೆ ವಾಕರಿಕೆ ಬರುವಂತಾಯಿತು. ಹದಿನಾಲ್ಕು ವರ್ಷ ರೇಷ್ಮೆ ಇಲಾಖೆಯಲ್ಲಿ ದುಡಿದವನಿಗೆ ಆ ವಾಸನೆ ಗೊತ್ತೇ ಆಗುತ್ತಿರಲಿಲ್ಲ. ಇವತ್ತು ಗೊತ್ತಾಗುತ್ತಿತ್ತು. ಬರುವವನ ಮೂಗಿನಿಂದ ತನ್ನ ಮನೆಯನ್ನು ತಾನೇ ಮೂಸಿ ನೋಡುತ್ತಿದ್ದ.

"ಹಣ್ಣು ಹಿಂಡಿದ್ಯಾ ಅದಕ್ಕೆ?" ಎಂದಳು ಹೆಂಡತಿ ಗಂಗುಲಮ್ಮ. ಅವಳು ಹೊಸ್ತಿಲ ಮೇಲೆ ಕೂತು ಮಡಿಲಲ್ಲಿ ನಾಲ್ಕನೇ ಕ್ಲಾಸಿನ ಮಕ್ಕಳ ಕಾಪಿ ಪುಸ್ತಕಗಳನ್ನಿಟ್ಟುಕೊಂಡು ತಿದ್ದುತ್ತಿದ್ದಳು.

"ಸಿಪ್ಪೆ ಅಷ್ಟೇ ನೆನೆಸಿದ್ದು. ಶುಕ್ರವಾರ ನೋಡಿದೆ, ಘಮ ಸಾಲ್ದು ಅನ್ನಿಸ್ತು. ಅರ್ಧ ಹಣ್ಣು ಹಿಂಡಿದೆ."

"ಹುಳಿ ಬಿದ್ರೆ ಕೆನೆ ಒಡೀದೆ ಇನ್ನೇನ್ ಮಾಡ್ತದೆ? ಇದನ್ನ ಕಲಿಯಕ್ಕೆ ಜಪಾನ್‌ಗೆ ಹೋಗ್ಬೇಕಿತ್ತಾ?"

ಅವನಿಗೆ ನಗು ಬರಲಿಲ್ಲ. ಪುಣ್ಯಕ್ಕೆ ಹಣ್ಣು ಹಿಂಡುವ ಮೊದಲು ಒಂದಿಷ್ಟು ಬ್ರಾಂದಿಯನ್ನು ಬೇರೆ ಶೀಸೆಯಲ್ಲಿ ತೆಗೆದಿಟ್ಟಿದ್ದ. ಶಿಡ್ಲಘಟ್ಟದಲ್ಲಿ ಕೊಂಡರೆ ಸ್ಕೂಲಿನ ಮೇಡಮ್ಮಿನ ಗಂಡ ಬಾಟಲಿ ಒಯ್ದನೆಂದು ಮಕ್ಕಳ ಬಾಯಿಂದಲೇ ಸುದ್ದಿಯಾಗುತ್ತದೆಂದು ಚಿಂತಾಮಣಿಗೆ ಬಸ್ಸಿನಲ್ಲಿ ಹೋಗಿ ತಂದ ಬ್ರಾಂದಿ ಅದು. ಬೆರಳುದ್ದದ ಗಾಜಿನ ಲೋಟಗಳನ್ನು ಚಿಕ್ಕಬಳ್ಳಾಪುರದ ಪಾತ್ರೆ ಅಂಗಡಿಯಲ್ಲಿ ಹುಡುಕಿಸಿ ತಂದಿದ್ದ. ಕೆನೆಯೊಂದು ಮಾತ್ರ ಗಂಗುಲಮ್ಮನದು. ಅವನು ಕಾಸಿದರೆ ತಳ ಹಿಡಿಯುತ್ತದೆಂದು ಅವಳೇ ಬೆಳಿಗ್ಗೆ ಆರಕ್ಕೆ ಎದ್ದು, ಒಂದು ಲೀಟರು ಹಾಲನ್ನು ಸಕ್ಕರೆ ಹಾಕಿ ಅರ್ಧಕ್ಕೆ ಇಳಿಸಿ, ಆರಿಸಿ, ಬಿಳಿ ಪಂಚೆಯ ತುಂಡಿನಲ್ಲಿ ಸೋಸಿ, ನಾಲ್ಕು ದಿನದಿಂದ ಎತ್ತಿಟ್ಟಿದ್ದ ಕೆನೆಯನ್ನು ಕಡೆದು ಬೆರೆಸಿಕೊಟ್ಟಿದ್ದಳು. ಅದಕ್ಕೆ ಅವನು ವಿಸ್ಕಿ ಸುರಿಯುವಾಗ ಮುಖ ಆಚೆ ತಿರುಗಿಸಿ, "ನನ್ನ ಹಾಲಿನ ಪಾತ್ರೆ ನೀನೇ ತೊಳ್ದಿಡ್ಬೇಕು" ಎಂದಿದ್ದಳು, ಅಷ್ಟೆ.

ಎಲ್ಲ ಶುರುವಾದದ್ದು ಒಂದು ಫೋಟೋದಿಂದ. ಇಲಾಖೆಯವರು ಆರು ತಿಂಗಳ ತರಬೇತಿಗೆಂದು ಅವನನ್ನು ಜಪಾನಿಗೆ ಕಳಿಸಿದ್ದರು. ಅವನು ವಾಪಸು ಬಂದು ಎರಡು ತಿಂಗಳಾಗಿತ್ತು. ಫೋಟೋಗಳನ್ನು ಆಫೀಸಿಗೆ ಒಯ್ದ ದಿನ ಎಲ್ಲರೂ ಯಂತ್ರಗಳದ್ದನ್ನು ನೋಡಿ ಪಕ್ಕಕ್ಕಿಟ್ಟರು. ರಾಮಾಂಜಿನಪ್ಪ ಮಾತ್ರ ಒಂದನ್ನು ಹಿಡಿದುಕೊಂಡೇ ಕೂತ. ಅದರಲ್ಲಿ ಆವುಲಪ್ಪ, ನೂಲು ತೆಗೆಯುವುದನ್ನು ಕಲಿಸಿದ ಮುದುಕ ಮೇಷ್ಟ್ರ ಮನೆಯಲ್ಲಿ, ಮೂರು ಬಣ್ಣದ ಪುಟ್ಟ ಲೋಟ ಹಿಡಿದು ಕೂತಿದ್ದ. ಆ ಸಂಜೆ ಮೇಷ್ಟ್ರು ಚಮಚವನ್ನು ಬೋರಲಾಗಿ ಹಿಡಿದು, ಗೂಡಿನಿಂದ ಎಳೆ ಬಿಡಿಸುವಾಗ ಹೇಳುತ್ತಿದ್ದಂತೆಯೇ 'ಸ್ಲೋ, ಸ್ಲೋ' ಎನ್ನುತ್ತ ಒಂದರ ಮೇಲೊಂದು ಪದರ ಕೂರಿಸಿದ್ದರು. ಸಕ್ಕರೆ ಹೆಚ್ಚಿದ್ದು ತಳಕ್ಕೆ, ಹಗುರವಾದದ್ದು ಮೇಲಕ್ಕೆ. ಆಮೇಲೆ ಎರಡೂ ಕೈಯಲ್ಲಿ ಲೋಟ ಹಿಡಿದು, ನರೆತ ತಲೆಯನ್ನು ಅವನ ಮುಂದೆ ಬಗ್ಗಿಸಿ ನೀಡಿದ್ದರು. ಆವುಲಪ್ಪ ಥಟ್ಟನೆ ಹಿಂದೆ ತಿರುಗಿ ನೋಡಿದ್ದ, ಬೇರೆ ಯಾರೋ ದೊಡ್ಡವರು ಬಂದು ನಿಂತಿದ್ದಾರೇನೋ ಎಂದು. ಹಿಂದೆ ಬರೀ ಗೋಡೆಯಿತ್ತು.

"ಏನೋ ಇದು? ಬಣ್ಣಬಣ್ಣ ಐತೆ? ನಮಗೂ ಮಾಡ್ಕೊಡೋ," ಎಂದಿದ್ದ ರಾಮಾಂಜಿನಪ್ಪ. ಆವುಲಪ್ಪನ ಬಾಯಿಂದ ಸುಳ್ಳು ತಾನಾಗಿ ಜಾರಿತ್ತು. "ಅದರ ಕ್ರೀಮು ಇಲ್ಲಿ ಸಿಗಲ್ಲ. ನಾನೊಂದು ಬಾಟ್ಲಿ ತಂದಿದೀನಿ. ಸೀಲೇ ಒಡೆದಿಲ್ಲ." ಅವನು ತಂದಿದ್ದು ಖಾಲಿ ಬಾಟಲಿ. ಚೆಂದವಾಗಿದೆಯೆಂದು ಬಟ್ಟೆಯಲ್ಲಿ ಸುತ್ತಿ ತಂದಿದ್ದ ಆ ಕಂದು ಬಾಟಲಿಯಲ್ಲಿ ಗಂಗುಲಮ್ಮ ಮನಿಪ್ಲಾಂಟ್ ಬೆಳೆಸಿದ್ದಳು. ಸುಳ್ಳು ಯಾಕೆ ಹೇಳಿದೆನೆಂದು ಆಗ ಗೊತ್ತಾಗಲಿಲ್ಲ. "ಸೀಲೇ ಒಡೆದಿಲ್ವಾ? ಹಂಗಾದ್ರೆ ಭಾನುವಾರ ನಿಮ್ಮನೇಗೇ ಬರ್ತೀನಿ ಕಣೋ" ಎಂದು ಅವನು ಹೆಗಲು ತಟ್ಟಿದ ಮೇಲೆ ಗೊತ್ತಾಯಿತು.

ಇಬ್ಬರದೂ ಒಂದೇ ಊರು, ಸ್ಕಂದಗಿರಿಯ ತಪ್ಪಲು. ಒಂದೇ ಸ್ಕೂಲು, ಈಗ ಒಂದೇ ಆಫೀಸು, ಒಂದೇ ದರ್ಜೆ. ಆವುಲಪ್ಪನ ಅಪ್ಪ ಮುನಿವೆಂಕಟಪ್ಪ ಸಾಯುವ ತನಕ ರಾಮಾಂಜಿನಪ್ಪನ ಮನೆಯ ಹಿಪ್ಪುನೇರಳೆ ತೋಟದಲ್ಲಿ ಕೆಲಸ ಮಾಡಿದವನು. ರಾಮಾಂಜಿನಪ್ಪ ಕೆಟ್ಟವನೆಂದು ಆವುಲಪ್ಪ ಯಾವತ್ತೂ ಹೇಳಲಾರ. ಟೈಫಾಯ್ಡಿನಲ್ಲಿ ಮಲಗಿದ್ದಾಗ ಬೈಕಿನಲ್ಲಿ ಕೂರಿಸಿಕೊಂಡು, ಬೀಳದ ಹಾಗೆ ಟವೆಲಿನಿಂದ ತನ್ನ ಸೊಂಟಕ್ಕೆ ಕಟ್ಟಿಕೊಂಡು ಆಸ್ಪತ್ರೆಗೆ ಸೇರಿಸಿದವನು ಅವನೇ. ಹೋಟೆಲಿನಲ್ಲಿ ಒಂದೇ ಟೇಬಲ್ಲಿನಲ್ಲಿ ಕೂತು ಬಿರಿಯಾನಿ ತಿನ್ನುತ್ತಾನೆ. ಆದರೆ ಮೂರು ವರ್ಷದ ಹಿಂದೆ ಈ ಕ್ವಾರ್ಟರ್ಸಿನಲ್ಲಿ ಹಾಲುಕ್ಕಿಸಿದ ದಿನ ಬಂದವನು, "ಶನಿವಾರ ಅಲ್ವಾ, ಒಪ್ಪತ್ತು" ಎಂದು ಅಂಗಳದಲ್ಲೇ ನಿಂತು ಒಂದು ಬಾಳೆಹಣ್ಣು ಸುಲಿದು ತಿಂದು ಹೋಗಿದ್ದ. ಆಮೇಲೆ ಬಂದಾಗಲೆಲ್ಲ ಎಳನೀರು, ಇಲ್ಲವೆ ಮುಚ್ಚಳ ತೆಗೆಯದ ಸೋಡಾ. ಸಿಪ್ಪೆಯಿರುವುದು, ಸೀಲಿರುವುದು. ಗಂಗುಲಮ್ಮನ ಕೈ ತಾಗದ್ದು. ಇದನ್ನು ಇಬ್ಬರೂ ಬಾಯಿಬಿಟ್ಟು ಆಡಿರಲಿಲ್ಲ. ಆಡದೆಯೇ ಆವುಲಪ್ಪ ಅವನು ಬರುವ ದಿನ ಸೋಡಾ ತಂದಿಡುತ್ತಿದ್ದ. ಅದನ್ನು ನೆನೆದಾಗ ಅವನಿಗೆ ರಾಮಾಂಜಿನಪ್ಪನಿಗಿಂತ ತನ್ನ ಮೇಲೇ ಹೇಸಿಗೆಯಾಗುತ್ತಿತ್ತು.

ಬಾಟಲಿಯನ್ನು ಬಿಸಿನೀರಿನಲ್ಲಿ ಮೂರು ಸಲ ಕುಲುಕಿ ತೊಳೆದು, ಲಾಳಿಕೆ ಇಟ್ಟು ಕೆನೆ ಬಗ್ಗಿಸತೊಡಗಿದಾಗ ಗಂಗುಲಮ್ಮ ತಲೆ ಎತ್ತಿದಳು. ಮನಿಪ್ಲಾಂಟ್ ನೀರಿನ ಚೊಂಬಿನಲ್ಲಿ ತಲೆ ವಾಲಿಸಿಕೊಂಡು ನಿಂತಿತ್ತು.

"ಪಾತ್ರೇಲೇ ಇದ್ರೆ ಏನಾಯ್ತು? ಬಾಟ್ಲಿಗ್ಯಾಕೆ?"

"ಬಗ್ಗಿಸಕ್ಕೆ ಸುಲಭ."

ಅವಳು ಎದ್ದು ಬಂದು ಬಾಟಲಿಯ ಮೇಲಿನ ಚಿನ್ನದ ಬಣ್ಣದ ಚೀಟಿಯನ್ನು ನೋಡಿದಳು. ಒದ್ದೆಯಾಗದಿರಲೆಂದು ಅವನು ಅದಕ್ಕೆ ಪ್ಲಾಸ್ಟಿಕ್ ಸುತ್ತಿ ತೊಳೆದಿದ್ದ. ಅದನ್ನೂ ನೋಡಿದಳು. ಗೌರಿಬಿದನೂರು ಸ್ಟೇಷನ್ನಿನ ಗ್ಯಾಂಗ್‌ಮನ್ನನ ಮಗಳು. ರೈಲು ಲೈನಿನ ಪಕ್ಕದ ಮನೆಯಲ್ಲಿ ಬೆಳೆದವಳಾದ್ದರಿಂದ ಗಟ್ಟಿಯಾಗಿ ಮಾತಾಡುವುದೇ ರೂಢಿ. ಈಗ ಮಾತ್ರ ದನಿ ತಗ್ಗಿತು.

"ಫಾರಿನ್ನು ಅಂತ ಹೇಳಿದೀಯಾ ಅವರ್ಗೆ?"

ಅವನು ಲಾಳಿಕೆಯನ್ನೇ ನೋಡುತ್ತಿದ್ದ.

"ಬೆಳಗ್ಗೆ ಆರಕ್ಕೆ ಎದ್ದು ಕಾಸಿದೀನಿ. ಸೋಸಿದೀನಿ. ಇದೇನು ಕಳ್ಳಮಾಲಾ? ನನ್ನ ಕೈದು ಅಂದ್ರೆ ಕುಡಿಯಲ್ಲ ಅಂತ ಮುಚ್ಚಿ ಕುಡಿಸ್ತೀಯಾ?"

"ಕುಡೀಲಿ ಬಿಡೇ ಒಂದ್ಸಲ. ಕುಡಿದ ಮೇಲೆ..."

"ಕುಡಿದ ಮೇಲೆ ಏನು? ಹೇಳ್ತೀಯಾ?"

ಹೇಳಿ ರಾಮಾಂಜಿನಪ್ಪನ ಮುಖ ನೋಡಬೇಕೆಂಬ ಆಸೆ, ಹೇಳದೆ ಒಳಗೊಳಗೇ ನಗಬೇಕೆಂಬ ಆಸೆ, ಅವನು ಚಪ್ಪರಿಸಿ ಇನ್ನೊಂದು ಕೇಳಬೇಕೆಂಬ ಆಸೆ, ಮೂರೂ ಎದೆಯಲ್ಲಿ ಕದಡಿಕೊಂಡಿದ್ದವು. ಗಂಗುಲಮ್ಮ ಕಾಪಿ ಪುಸ್ತಕಗಳನ್ನು ಎತ್ತಿಕೊಂಡು ಹಿತ್ತಲಿಗೆ ಹೋದಳು. ನಡುಮನೆಯ ಗೋಡೆಯ ಮೇಲೆ ಅವಳು ತೂಗುಹಾಕಿದ್ದ ಬುದ್ಧನ ಪಟ ಸ್ವಲ್ಪ ವಾರೆಯಾಗಿತ್ತು. ನಿನ್ನೆ ರಾತ್ರಿ ಅದನ್ನು ತೆಗೆದು ಒಳಕೋಣೆಗೆ ಇಡೋಣವೆಂದು ಕೈ ಹಾಕಿ, ಮೊಳೆಯಿಂದ ಬಿಡಿಸಿ, ಮತ್ತೆ ಸಿಕ್ಕಿಸಿದ್ದು ಅವನೇ. ಅವಳು ನೋಡಿರಲಿಲ್ಲ ಎಂದುಕೊಂಡಿದ್ದ. ಈಗ ಅನುಮಾನವಾಯಿತು.

ಮಧ್ಯಾಹ್ನ ಊಟ ಸೇರಲಿಲ್ಲ. ಕಣ್ಣು ಮುಚ್ಚಿದರೆ ರಾಮಾಂಜಿನಪ್ಪನ ತಾಯಿ ಅಶ್ವತ್ಥಮ್ಮ ಮಜ್ಜಿಗೆ ಹುಯ್ಯುವುದು ಕಾಣುತ್ತಿತ್ತು. ಸ್ಕೂಲಿನಿಂದ ಇಬ್ಬರೂ ಓಡಿ ಬರುತ್ತಿದ್ದರು. ರಾಮಾಂಜಿನಪ್ಪ ಒಳಗೆ ಹೋಗುತ್ತಿದ್ದ, ಆವುಲಪ್ಪ ಜಗಲಿಯ ಕೆಳಗೆ ಬೊಗಸೆಯೊಡ್ಡಿ ಕೂರುತ್ತಿದ್ದ. ಆಕೆ ಮೇಲಿನಿಂದ, ತಂಬಿಗೆ ಎಲ್ಲಿಯೂ ತಾಗದ ಎತ್ತರದಿಂದ ಸುರಿಯುತ್ತಿದ್ದರು. ಮೊಣಕೈಯವರೆಗೆ ಹರಿದ ಮಜ್ಜಿಗೆಯನ್ನು ಅವನು ನೆಕ್ಕುತ್ತಿದ್ದ. ಇಂಗು, ಕರಿಬೇವು, ಎಳೇ ಸೌತೆಕಾಯಿಯ ಚೂರು. ಅಂಥ ಮಜ್ಜಿಗೆಯನ್ನು ಆಮೇಲೆ ಅವನು ಎಲ್ಲಿಯೂ ಕುಡಿದಿಲ್ಲ. ಆ ತಾಯಿಯ ಮೇಲೆ ಅವನಿಗೆ ಇವತ್ತಿಗೂ ಸಿಟ್ಟು ಬರುವುದಿಲ್ಲ. ಆ ರುಚಿ ನೆನಪಾದರೆ ಬಾಯಲ್ಲಿ ನೀರೂರುತ್ತದೆ, ಅದೇ ಅವನನ್ನು ಹಿಂಡುವುದು. ಗಂಗುಲಮ್ಮನಿಗೆ ಇದನ್ನು ಒಂದು ಸಲವೂ ಹೇಳಿಲ್ಲ.

ನಾಲ್ಕಕ್ಕೆ ಸರಿಯಾಗಿ ಬೈಕಿನ ಸದ್ದಾಯಿತು. ರಾಮಾಂಜಿನಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಕೈಯಲ್ಲಿ ಕಡಲೆಕಾಯಿ ಪೊಟ್ಟಣ ಹಿಡಿದು ಬಂದಿದ್ದ. "ಎಲ್ಲೋ ನಿನ್ನ ಜಪಾನು?" ಎನ್ನುತ್ತ ಕುರ್ಚಿಯಲ್ಲಿ ಕೂತ. ಗಂಗುಲಮ್ಮ ಅಡುಗೆಮನೆಯ ಪರದೆಯ ಹಿಂದಿನಿಂದಲೇ "ಚೆನ್ನಾಗಿದೀರಾ?" ಎಂದಳು. "ಚೆನ್ನಾಗಿದೀನಮ್ಮ. ಕಾಫಿ ಗೀಫಿ ಏನೂ ಬೇಡ, ಈಗ ತಾನೇ ಕುಡ್ಕೊಂಡು ಬಂದೆ," ಎಂದ ಅವನು. ಯಾರೂ ಕಾಫಿಯ ಮಾತು ಎತ್ತಿರಲಿಲ್ಲ.

ಆವುಲಪ್ಪ ತಟ್ಟೆಯಲ್ಲಿ ಎರಡು ಪುಟ್ಟ ಲೋಟ, ಮೂರು ಬಾಟಲಿ, ಒಂದು ಚಮಚ ಇಟ್ಟುಕೊಂಡು ಬಂದು, "ಸೀಲು ಈಗ ತಾನೇ ಒಡೆದೆ" ಎನ್ನುತ್ತ ಕೂತ. ಮೊದಲು ಕಾಫಿ ಪಾಕ, ಬೆರಳಗಲ. ಆಮೇಲೆ ಚಮಚವನ್ನು ಬೋರಲು ಹಾಕಿ, ತುದಿಯನ್ನು ಲೋಟದ ಒಳಗೋಡೆಗೆ ತಾಗಿಸಿ, ಕಂದು ಬಾಟಲಿಯನ್ನು ಬಗ್ಗಿಸಿದ. ಆ ಹೊತ್ತಿಗೆ ಕೈ ಅವನದಾಗಿರಲಿಲ್ಲ, ಕುದಿಯುವ ನೀರಿನಲ್ಲಿ ಗೂಡಿನ ಎಳೆ ಹುಡುಕುವ ಕೈಯಾಗಿತ್ತು. ಕೆನೆ ಕಪ್ಪಿನ ಮೇಲೆ ಸದ್ದಿಲ್ಲದೆ ಹಾಸಿಕೊಂಡಿತು. ಅದರ ಮೇಲೆ ಬ್ರಾಂದಿ, ಹನಿಹನಿ. ಒಡೆಯಲಿಲ್ಲ. ಗೆರೆ ಎಳೆದ ಹಾಗೆ ಮೂರು ಬಣ್ಣ ನಿಂತವು. ರಾಮಾಂಜಿನಪ್ಪ ಉಸಿರು ಬಿಗಿಹಿಡಿದು ನೋಡುತ್ತಿದ್ದವನು, "ಅಬ್ಬಾ!" ಎಂದ. ಚಿಕ್ಕಂದಿನಲ್ಲಿ ಗಿರಿಯ ಕಡೆಗೆ ಗಾಳಿಪಟ ಏರುವಾಗ ಹೀಗೆಯೇ ಬಾಯಿ ತೆರೆದು ನೋಡುತ್ತಿದ್ದ.

ಈಗ ಹೇಳಬೇಕು ಎನ್ನಿಸಿತು ಆವುಲಪ್ಪನಿಗೆ. ಕುಡಿಯುವ ಮೊದಲೇ ಹೇಳಿದರೆ ಅದು ನ್ಯಾಯ. ಬಾಯಿ ತೆರೆದ. ಅಷ್ಟರಲ್ಲಿ ರಾಮಾಂಜಿನಪ್ಪ ಲೋಟವೆತ್ತಿ ಒಂದೇ ಗುಟುಕಿಗೆ ಬಗ್ಗಿಸಿಕೊಂಡು ಕಣ್ಣು ಮುಚ್ಚಿದ.

"ಮೊದ್ಲು ಸುಡ್ತದೆ. ಆಮೇಲೆ ತಣ್ಣಗೆ, ಬೆಣ್ಣೆ ಹಂಗೆ... ಕೊನೇಗೆ ಕಾಫಿ. ಆ ನಡುವಿಂದು ಐತಲ್ಲ, ಅದೇ ಕಣೋ. ಏನಂದ್ರೂ ಫಾರಿನ್ ಫಾರಿನ್ನೇ. ನಮ್ಮೋರ ಕೈಲಿ ಆಗ್ತದಾ ಇದು? ಇನ್ನೊಂದು ಹಾಕು."

ಪರದೆಯ ಕೆಳಗೆ ಗಂಗುಲಮ್ಮನ ಪಾದಗಳು ಕಾಣುತ್ತಿದ್ದವು. ಅಲ್ಲಾಡದೆ ನಿಂತಿದ್ದವು. ಆವುಲಪ್ಪ ಎರಡನೆಯ ಲೋಟ ತುಂಬಿದ, ಅದೂ ಮೂರು ಪದರ ಸರಿಯಾಗಿ ನಿಂತಿತು. ಅದನ್ನು ಅವನ ಕೈಗೆ ಕೊಟ್ಟು, ಪರದೆಯ ಕಡೆ ನೋಡುತ್ತಲೇ ಹೇಳಿದ, "ನಡುವಿಂದು ಫಾರಿನ್ ಅಲ್ಲ. ಇವಳು ಮಾಡಿದ್ದು. ಬೆಳಗ್ಗೆ ನಮ್ಮ ಒಲೆ ಮೇಲೆ ಹಾಲು ಕಾಸಿ."

ತುಟಿ ಸವರುತ್ತಿದ್ದ ರಾಮಾಂಜಿನಪ್ಪನ ನಾಲಿಗೆ ಅಲ್ಲೇ ನಿಂತಿತು.

"ಮತ್ತೆ ಬಾಟ್ಲಿ?"

"ಬಾಟ್ಲಿ ಮಾತ್ರ ಅಲ್ಲೀದು. ಖಾಲೀದು ತಂದಿದ್ದೆ."

"ಓ," ಎಂದ ರಾಮಾಂಜಿನಪ್ಪ. ಆಮೇಲೆ ನಕ್ಕ. "ಅದಕ್ಕೇನೀಗ? ನಂಗೇನು ಅವೆಲ್ಲ ಐತಾ? ನಿಂಗೊತ್ತಿಲ್ವಾ?" ಎಂದ. ಲೋಟ ಕೈಯಲ್ಲೇ ಇತ್ತು. ಹಿಪ್ಪುನೇರಳೆಗೆ ಬಿದ್ದಿರುವ ಎಲೆರೋಗದ ಬಗ್ಗೆ ಮಾತೆತ್ತಿದ. ಔಷಧಿ ಹೊಡೆದರೆ ಹುಳು ಸಾಯುತ್ತದೆ, ಹೊಡೆಯದಿದ್ದರೆ ಎಲೆ ಸಾಯುತ್ತದೆ ಎಂದ. ಮಾತಾಡುತ್ತಲೇ, ಯಾರಿಗೂ ಕಾಣದ ಹಾಗೆ ಎಂಬಂತೆ, ಲೋಟವನ್ನು ಟೀಪಾಯಿಯ ಮೂಲೆಯಲ್ಲಿಟ್ಟ. ಕಡಲೆಕಾಯಿ ಸುಲಿದು ಬಾಯಿಗೆ ಹಾಕಿಕೊಂಡ. ಹಣೆಯಲ್ಲಿ ಬೆವರಿತ್ತು. ಅವನಿಗೂ ನಾಚಿಕೆಯಾಗುತ್ತಿದೆ ಎಂಬುದು ಆವುಲಪ್ಪನಿಗೆ ಕಂಡಿತು. ಕಂಡು ಒಂದು ಕ್ಷಣ ಅಯ್ಯೋ ಎನ್ನಿಸಿತು, ತಾನೇ ಏನೋ ಅಂದು ನಕ್ಕು ಅವನನ್ನು ಪಾರು ಮಾಡಿಬಿಡೋಣ ಎನ್ನಿಸಿತು. ನಾಲಿಗೆಯ ತುದಿಗೆ ಬಂದ ತಮಾಷೆಯನ್ನು ನುಂಗಿಕೊಂಡ.

ಹೊರಡುವಾಗ ಬಾಗಿಲಲ್ಲಿ ರಾಮಾಂಜಿನಪ್ಪ ಅವನ ತೋಳು ಹಿಡಿದ. ಕೈ ಬೆಚ್ಚಗಿತ್ತು, ಹಳೆಯ ಸ್ನೇಹದ್ದೇ. "ಅಮ್ಮಂಗೆ ಇತ್ತೀಚೆಗೆ ಸಣ್ಣ ಮಾತೂ ತಡೆಯಲ್ಲ ಕಣೋ. ಆಫೀಸಲ್ಲೂ ಕೊಂಡಪ್ಪನೋರು ನಮ್ಮ ನೆಂಟರೇ, ಊರಿಗೆ ಹೋದ್ರೆ ಎಲ್ಲಾ ಹೇಳ್ತಾರೆ. ಇದು ನಮ್ಮಿಬ್ರಲ್ಲೇ ಇರ್ಲಿ, ಆಯ್ತಾ?"

"ಆಯ್ತು," ಎಂದ ಆವುಲಪ್ಪ.

ಬೈಕಿನ ಸದ್ದು ಬೀದಿಯ ತಿರುವಿನಲ್ಲಿ ಕರಗಿದ ಮೇಲೆ ಗಂಗುಲಮ್ಮ ಹೊರಗೆ ಬಂದಳು. ಟೀಪಾಯಿಯ ಮೂಲೆಯಲ್ಲಿದ್ದ ತುಂಬಿದ ಲೋಟವನ್ನು ನೋಡಿದಳು. ಅದನ್ನು ಮುಟ್ಟಲಿಲ್ಲ.

"ಹೇಳ್ದೆಯಲ್ಲ, ಅದು ಸರಿ," ಎಂದಳು. "ಆಮೇಲೆ ಬಾಗ್ಲಲ್ಲಿ 'ಆಯ್ತು' ಅಂದ್ಯಲ್ಲ. ಏನು ಆಯ್ತು?"

ಅವನು ಹಾಲಿನ ಪಾತ್ರೆಯನ್ನು ತೆಗೆದುಕೊಂಡು ಹಿತ್ತಲಿಗೆ ಹೋಗಿ ಬೂದಿ ಹಾಕಿ ಉಜ್ಜತೊಡಗಿದ. ಉಜ್ಜಿದಷ್ಟೂ ಆ ಒಂದು ಮಾತು ಕಿವಿಯಲ್ಲಿ ಕೂತಿತ್ತು. ಯಾರೂ ಒತ್ತಾಯ ಮಾಡಿ ಹೇಳಿಸಿದ್ದಲ್ಲ. ಅಪ್ಪ ತೋಟದ ಬದುವಿನಲ್ಲಿ ನಿಂತು ಹೇಳುತ್ತಿದ್ದ 'ಆಯ್ತು ಸಾಮಿ'ಯಿಂದ 'ಸಾಮಿ'ಯನ್ನು ಮಾತ್ರ ಕಿತ್ತುಹಾಕಿ ಇಷ್ಟು ವರ್ಷ ತಾನು ಅದನ್ನೇ ಆಡುತ್ತ ಬಂದೆನೇನೋ. ಮೋಸ ಮಾಡಿ ಕುಡಿಸಿದವನು ತಾನು. ಆದರೆ ಮುಚ್ಚಿಡು ಎಂದರೆ ಮುಚ್ಚಿಡುವವನೂ ತಾನೇ. ಯಾವುದು ದೊಡ್ಡ ತಪ್ಪು ಎಂದು ತೂಗಿ ನೋಡಿದರೆ ಎರಡೂ ಕಡೆ ಮರೆಯಾಗಿಹೋದವಳು ಗಂಗುಲಮ್ಮ.

ಸೋಮವಾರ ರಾಮಾಂಜಿನಪ್ಪ ರಜೆ ಹಾಕಿದ. ಮಂಗಳವಾರ ಹನ್ನೊಂದು ಗಂಟೆಗೆ ಎದುರಿನ ಹೋಟೆಲಿನಿಂದ ಟೀ ಬಂದಾಗ ಎಲ್ಲರೂ ಕೊಂಡಪ್ಪನವರ ಮೇಜಿನ ಸುತ್ತ ಸೇರಿದರು. ಕೊಂಡಪ್ಪ ಆಫೀಸಿನ ಸೂಪರಿಂಟೆಂಡೆಂಟು, ನಿವೃತ್ತಿಗೆ ಎರಡು ವರ್ಷ ಉಳಿದಿದ್ದ, ತೆಲುಗು ಬೆರೆಸಿ ಮಾತಾಡುವ ದಪ್ಪ ಕನ್ನಡಕದ ಮನುಷ್ಯ.

"ಏಮಯ್ಯಾ ರಾಮಾಂಜಿ, ಭಾನುವಾರ ಜಪಾನ್ ಮದ್ಯ ಕುಡ್ಯಕ್ಕೆ ಹೋಗ್ತೀನಿ ಅಂತಿದ್ಯಲ್ಲ. ಹೆಂಗಿತ್ತು?"

ರಾಮಾಂಜಿನಪ್ಪ ಟೀಯೊಳಕ್ಕೆ ನೋಡುತ್ತ, "ಎಲ್ಲಿ ಹೋದೆ ಕೊಂಡಪ್ಪಣ್ಣ. ಮನೇಲಿ ನೆಂಟರು ಬಂದ್ಬಿಟ್ರು. ಹೋಗಕ್ಕೇ ಆಗ್ಲಿಲ್ಲ," ಎಂದ.

ಆವುಲಪ್ಪ ಕಿಟಕಿಯ ಬಳಿ ನಿಂತಿದ್ದ. ಮಾತು ಅಲ್ಲಿಗೇ ಮುಗಿದಿತ್ತು. ಯಾರೋ ಸಂಬಳದ ವಿಷಯ ಎತ್ತಿದರು. ಇನ್ನೊಂದು ಗುಟುಕು ಟೀ ಕುಡಿದರೆ ಆ ಭಾನುವಾರವೇ ನಡೆಯದ ಹಾಗಾಗಿಬಿಡುತ್ತಿತ್ತು. ಆರು ಗಂಟೆಗೆ ಎದ್ದ ಗಂಗುಲಮ್ಮ, ಸೋಸಿದ ಬಿಳಿ ಬಟ್ಟೆ, ಪರದೆಯ ಕೆಳಗಿನ ಎರಡು ಪಾದ, ಯಾವುದೂ ಇರಲಿಲ್ಲವೆಂದು ಆಗಿಬಿಡುತ್ತಿತ್ತು. ಅವನು ಟೀ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟ.

"ಬಂದಿದ್ದ," ಎಂದ.

ಎಲ್ಲರೂ ತಿರುಗಿದರು.

"ಭಾನುವಾರ ನಾಲ್ಕು ಗಂಟೆಗೆ ನಮ್ಮನೇಗೆ ಬಂದಿದ್ದ. ಒಂದು ಲೋಟ ಪೂರ್ತಿ ಕುಡ್ದ. ಚೆನ್ನಾಗೈತೆ ಅಂದ. ಹಾಲು ಕಾಸಿ ಕೆನೆ ಮಾಡಿದ್ದು ನನ್ನ ಹೆಂಡ್ತಿ. ಫಾರಿನ್ದು ಅಂತ ನಾನು ಸುಳ್ಳು ಹೇಳಿದ್ದೆ. ಅದು ನನ್ನ ತಪ್ಪು."

"ತಮಾಷೆ ಮಾಡ್ತಾನೆ," ಎಂದು ರಾಮಾಂಜಿನಪ್ಪ ನಗಲು ನೋಡಿದ.

"ತಮಾಷೆ ಅಲ್ಲ ಕಣೋ ರಾಮಾಂಜಿನಪ್ಪ. ಬಂದಿದ್ದೆ ನೀನು."

ರಾಮಾಂಜಿನಪ್ಪನ ಕುತ್ತಿಗೆ, ಕಿವಿ ಎಲ್ಲ ಕೆಂಪಾದವು. ಒಂದು ಗಳಿಗೆ ಅವನು ಆವುಲಪ್ಪನನ್ನೇ ನೋಡಿದ. ಆ ನೋಟದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ, ಆಟದ ನಡುವೆ ಜೊತೆಯವನು ಬಿಟ್ಟುಹೋದ ಹುಡುಗನ ಗಾಬರಿಯಿತ್ತು. ಆಮೇಲೆ ಅರ್ಧ ಕುಡಿದ ಟೀ ಇಟ್ಟು ಹೊರಗೆ ನಡೆದ. ಅಂಗಳದಲ್ಲಿ ಬೈಕನ್ನು ಒದೆಯುವ ಸದ್ದು ಕೇಳಿತು. ಹತ್ತಿಕೊಳ್ಳಲಿಲ್ಲ. ಮತ್ತೆ ಒದ್ದ. ನಾಲ್ಕನೆಯ ಸಲಕ್ಕೆ ಹತ್ತಿಕೊಂಡಿತು. ಇನ್ನು ಮೇಲೆ ಅವನ ಬೈಕಿನ ಹಿಂದೆ ಕೂರುವುದಿಲ್ಲ ಎಂಬುದು ಆವುಲಪ್ಪನಿಗೆ ಆಗ ಹೊಳೆಯಿತು.

ಉಳಿದವರು ಒಬ್ಬೊಬ್ಬರಾಗಿ ತಮ್ಮ ಮೇಜುಗಳಿಗೆ ಸರಿದರು. ಕೊಂಡಪ್ಪ ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಒರೆಸಿ, ಮತ್ತೆ ಹಾಕಿಕೊಂಡರು. ಅವರ ಮುಖದಲ್ಲಿ ಏನಿದೆಯೆಂದು ತಿಳಿಯಲಿಲ್ಲ.

"ಒಂದು ಲೀಟರಿಗೆ ಸಕ್ಕರೆ ಎಷ್ಟು ಹಾಕ್ಬೇಕಯ್ಯಾ?" ಎಂದರು.

ಅದು ಮಾತು ಮರೆಸಲು ಕೇಳಿದ್ದೋ, ಕೆಣಕಲು ಕೇಳಿದ್ದೋ, ನಿಜವಾಗಿಯೇ ಕೇಳಿದ್ದೋ ಆವುಲಪ್ಪನಿಗೆ ಗೊತ್ತಾಗಲಿಲ್ಲ. ಎಷ್ಟು ಹಾಕಿದ್ದಳೆಂಬುದೂ ಗೊತ್ತಿರಲಿಲ್ಲ. ಅವನು ನೋಡಿರಲಿಲ್ಲ.

"ಅದು ಅವಳಿಗೇ ಗೊತ್ತು," ಎಂದ. "ಮನೆಗೆ ಬನ್ನಿ, ಕೇಳಣ."

ಕೊಂಡಪ್ಪ ಬಾಯಿ ತೆರೆದರು. ಮತ್ತೆ ಕನ್ನಡಕ ತೆಗೆದು ಒರೆಸತೊಡಗಿದರು. ಆವುಲಪ್ಪ ಅವರ ಎದುರಿನ ಕುರ್ಚಿ ಎಳೆದುಕೊಂಡು ಕೂತ, ಉತ್ತರ ಬರುವ ತನಕ ಏಳುವುದಿಲ್ಲ ಎಂಬ ಹಾಗೆ.